10,000 ಲೀಟರಿನ ಕೊಯ್ ಕೊಳಕ್ಕೆ ಫಿಲ್ಟರ್: ಮಲೆನಾಡಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿದು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹೋಂಸ್ಟೇ ಅಂಗಳದಲ್ಲಿ ಕೊಯ್ (ಬಣ್ಣಬಣ್ಣದ ಅಲಂಕಾರಿಕ ಕಾರ್ಪ್ ಮೀನು) ಕೊಳ ಕಟ್ಟಿಸುವಾಗ ಮೇಸ್ತ್ರಿಗೆ ‘ಫಿಲ್ಟರ್’ ಎಂದರೆ ಸಾಕು, ಮಳೆನೀರು ಕೊಯ್ಲಿನ ತೊಟ್ಟಿಯೇ ಕಣ್ಣ ಮುಂದೆ ಬರುತ್ತದೆ. ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮರಳು, ಇದ್ದಿಲು. ಮಳೆನೀರಿಗೆ ಅದು ಸರಿ. ಕೊಯ್ ಕೊಳಕ್ಕೆ ಅದನ್ನೇ ಕಟ್ಟಿದರೆ ಜಲ್ಲಿಯ ಸಂದಿಯಲ್ಲೆಲ್ಲ ಮೀನಿನ ಹಿಕ್ಕೆ ಕೂತು ಕೊಳೆಯುತ್ತದೆ. ನೀರು ಒಂದೆರಡು ದಾರಿ ಮಾಡಿಕೊಂಡು ಅಲ್ಲೇ ಹರಿಯುತ್ತದೆ, ಮಿಕ್ಕ ಜಲ್ಲಿ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ತೊಳೆಯಲು ಅರ್ಧ ಟನ್ ಕಲ್ಲು ಮೇಲೆತ್ತಬೇಕು. ಯಾರೂ ಎತ್ತುವುದಿಲ್ಲ. ಆದ್ದರಿಂದ ಯಾವ ನಕ್ಷೆ ಮುಂದಿಟ್ಟರೂ ಮೊದಲು ಕೇಳಬೇಕಾದ್ದು ಇಷ್ಟೇ: ದಿನ ಬೆಳಗ್ಗೆ ಒಂದು ವಾಲ್ವ್ ತಿರುಗಿಸಿದರೆ ನಿನ್ನೆಯ ಕೊಳಕು ಹೊರಗೆ ಹೋಗುತ್ತದೆಯೇ?

ಇಲ್ಲಿನ ಲೆಕ್ಕವೆಲ್ಲ 10 ಅಡಿ ಉದ್ದ, 8 ಅಡಿ ಅಗಲ, 4.5 ಅಡಿ ಆಳದ ಕೊಳಕ್ಕೆ. ಅಂದರೆ ಹತ್ತಿರ ಹತ್ತಿರ 10,000 ಲೀಟರ್. ಮೀನಿಗೆ ಸಾವಿರ ಲೀಟರಿನಂತೆ ಹತ್ತು ಮೀನು. ಇವತ್ತು ಬೆರಳುದ್ದ ಇರುವ ಮರಿ ಮುಂದೆ ಎರಡಡಿ ಬೆಳೆಯಬಹುದು. ಕೊಳ ಖಾಲಿ ಕಾಣುತ್ತದೆಂದು ಮೂವತ್ತು ಮರಿ ಬಿಟ್ಟರೆ ಯಾವ ಫಿಲ್ಟರೂ ಕಾಯುವುದಿಲ್ಲ.

ತಳದಿಂದ ಶುರು

ಫಿಲ್ಟರಿನ ಅರ್ಧ ಕೆಲಸ ಕೊಳದ ತಳದಲ್ಲೇ ಮುಗಿಯಬೇಕು. ನಡುವೆ ಕೊಳಕನ್ನು ಹೊರಗೆ ಎಳೆಯುವ 110 ಮಿ.ಮೀ. ಬಾಟಮ್ ಡ್ರೈನ್, ಅಲ್ಲಿಗೆ ನಾಲ್ಕೂ ಕಡೆಯಿಂದ ಅಡಿಗೆ ಒಂದು ಇಂಚಿನಂತೆ ಇಳಿಜಾರು. ಡ್ರೈನಿನ ಮುಚ್ಚಳಕ್ಕೂ ತಳಕ್ಕೂ ಒಂದು ಇಂಚು ಸಂದಿ. ಅಲ್ಲಿಂದ ಫಿಲ್ಟರಿನವರೆಗೆ 110 ಮಿ.ಮೀ. ಪಿವಿಸಿ ಪೈಪ್. ಗಂಟೆಗೆ 10,000 ಲೀಟರ್ ಹರಿದರೆ ಈ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 0.33 ಮೀಟರ್, ಹಿಕ್ಕೆ ದಾರಿಯಲ್ಲಿ ಕೂರದೆ ಸಾಗಲು ಸಾಕು. ‘ದೊಡ್ಡದಿದ್ದರೆ ಒಳ್ಳೆಯದಲ್ವಾ’ ಎಂದು 160 ಮಿ.ಮೀ. ಹಾಕಿಸಿದರೆ ವೇಗ ಅರ್ಧಕ್ಕಿಂತ ಕೆಳಗಿಳಿದು ಪೈಪೇ ಕೊಳಕಿನ ತೊಟ್ಟಿಯಾಗುತ್ತದೆ. ತಿರುವಿನಲ್ಲಿ 90 ಡಿಗ್ರಿ ಎಲ್ಬೋ ಬೇಡ, ಎರಡು 45 ಡಿಗ್ರಿ ಬೆಂಡ್ ಕೂಡಿಸಿ. ಈ ಪೈಪಿನ ಮೇಲೆ ಕಾಂಕ್ರೀಟ್ ಬೀಳುವ ಮೊದಲು ಒಂದು ರಾತ್ರಿ ನೀರು ತುಂಬಿಟ್ಟು ಜಾಯಿಂಟ್ ನೋಡಿಕೊಳ್ಳಿ. ಆಮೇಲೆ ಸೋರಿದರೆ ಕೊಳವನ್ನೇ ಒಡೆಯಬೇಕಾಗುತ್ತದೆ.

ಸಿಲ್ವರ್ ಓಕ್ ಮರದ ಕೆಳಗೆ ಕೊಳವಿದ್ದರೆ ಮೇಲ್ಭಾಗದಲ್ಲಿ ತೇಲುವ ಎಲೆಯನ್ನು ಎಳೆದು ಬುಟ್ಟಿಯಲ್ಲಿ ಹಿಡಿಯುವ ಸ್ಕಿಮ್ಮರ್ ಕೂಡ ಬೇಕು. ಒಟ್ಟು ಹರಿವಿನ ಕಾಲು ಭಾಗ ಅದಕ್ಕೆ, ಉಳಿದದ್ದು ತಳಕ್ಕೆ. ಬುಟ್ಟಿಯನ್ನು ದಿನಾ ಖಾಲಿ ಮಾಡದಿದ್ದರೆ ಅದು ಇದ್ದೂ ಇಲ್ಲದಂತೆ.

ಪಂಪ್ ಕೊನೆಯಲ್ಲಿ

ಇಲ್ಲಿ ಪ್ಲಂಬರ್ ಜತೆ ವಾದ ಬರುತ್ತದೆ. ಸಬ್‌ಮರ್ಸಿಬಲ್ ಪಂಪನ್ನು ಕೊಳದೊಳಗೆ ಇಳಿಸಿ, ಎತ್ತರದ ಡ್ರಮ್ಮಿಗೆ ನೀರು ಹತ್ತಿಸಿ, ಮೇಲಿಂದ ಬೀಳಿಸುವುದು ಸುಲಭ, ಅಗ್ಗ. ಆದರೆ ಪಂಪಿನ ರೆಕ್ಕೆಗೆ ಸಿಕ್ಕ ಹಿಕ್ಕೆ ಪುಡಿಪುಡಿಯಾಗಿ ನೀರಿನಲ್ಲಿ ಕದಡುತ್ತದೆ. ಆ ಪುಡಿ ಯಾವ ತೊಟ್ಟಿಯಲ್ಲೂ ತಳಕ್ಕೆ ಕೂರುವುದಿಲ್ಲ. ಫಿಲ್ಟರ್ ಟ್ಯಾಂಕುಗಳನ್ನು ಕೊಳದ ಮಟ್ಟಕ್ಕೇ ಗುಂಡಿಯಲ್ಲಿ ಕೂರಿಸಿ, ನೀರು ತಾನಾಗಿ ಹರಿದು ಬರುವಂತೆ ಮಾಡಿ, ಶುದ್ಧವಾದ ಮೇಲೆ ಪಂಪ್ ಹಾಕಿ. ಟ್ಯಾಂಕಿನ ಅಂಚು ಕೊಳದ ನೀರಿಗಿಂತ ಆರು ಇಂಚು ಮೇಲಿದ್ದರೆ ಕರೆಂಟು ಹೋದಾಗ ಎಲ್ಲ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಉಕ್ಕುವುದಿಲ್ಲ.

ಮೊದಲ ಟ್ಯಾಂಕ್ ಕೊಳಕು ಕೂರಲು: ಸುಮಾರು 4 ಅಡಿ ವ್ಯಾಸದ 1000 ಲೀಟರ್ ನೀರಿನ ಟ್ಯಾಂಕ್. ಕೊಳದ ಪೈಪ್ ನಡುವಿನಲ್ಲಿ ಮೇಲೆದ್ದು, ತಳ ಕತ್ತರಿಸಿದ 200 ಲೀಟರ್ ನೀಲಿ ಡ್ರಮ್ಮಿನೊಳಗೆ ಬಾಯಿ ಬಿಡಬೇಕು. ಡ್ರಮ್ಮಿನ ಮೇಲಂಚು ನೀರಿನಿಂದ ಮೇಲಿರಲಿ, ಕೆಳಂಚು ಟ್ಯಾಂಕಿನ ಅರ್ಧ ಆಳದಲ್ಲಿರಲಿ. ಒಳಬಂದ ನೀರು ಡ್ರಮ್ಮಿನೊಳಗೆ ಕೆಳಗಿಳಿದು, ಹೊರಗೆ ನಿಧಾನವಾಗಿ ಮೇಲೇರುವಾಗ ಹಿಕ್ಕೆ ತಳಕ್ಕೆ ಬೀಳುತ್ತದೆ. ಟ್ಯಾಂಕಿನ ತಳ ಸಮತಟ್ಟಾಗಿದ್ದರೆ ಸಿಮೆಂಟಿನಿಂದ ಬಾಣಲೆಯಂತೆ ಇಳಿಜಾರು ಮಾಡಿ, ಎಪಾಕ್ಸಿ ಬಳಿದು, ನಡುವಿನಲ್ಲಿ 2 ಇಂಚಿನ ವಾಲ್ವ್ ಕೊಡಿ. ದಿನ ಬೆಳಗ್ಗೆ ಅರ್ಧ ನಿಮಿಷ ತೆರೆದರೆ ಸಾಕು. ಗುಡ್ಡದ ಇಳಿಜಾರಿನಲ್ಲಿ ಮನೆಯಿರುವವರಿಗೆ ಈ ನೀರು ತಾನಾಗಿ ಕೆಳಗಿನ ಬಾಳೆ ಬುಡಕ್ಕೆ ಹೋಗುತ್ತದೆ. ಹಾಸನದ ಬಯಲು ಕಡೆಯವರು ಗುಂಡಿ ತೆಗೆದು ಪಂಪಿನಿಂದ ಎತ್ತಬೇಕು.

ಎರಡನೆಯದು 500 ಲೀಟರ್: ತಪ್ಪಿಸಿಕೊಂಡ ಸಣ್ಣ ಕೊಳಕಿಗೆ ಸಾಲುಸಾಲಾಗಿ ತೂಗುಬಿಟ್ಟ ಬ್ರಷ್, ನಂತರ ಜಪಾನೀಸ್ ಮ್ಯಾಟ್ (ಒರಟು ನಾರಿನ ದಪ್ಪ ಫಿಲ್ಟರ್ ಹಾಸು). ಪಂಪ್ ಓಡುವಾಗ ಟ್ಯಾಂಕಿನ ನೀರು ಕೊಳಕ್ಕಿಂತ ಎರಡು ಮೂರು ಇಂಚು ಕೆಳಗಿರುವುದು ಸಹಜ. ಅದಕ್ಕಿಂತ ಇಳಿದರೆ ಮ್ಯಾಟ್ ಕಟ್ಟಿಕೊಂಡಿದೆ ಎಂದರ್ಥ. ತೊಳೆಯುವುದು ಕೊಳದ ನೀರಿನಲ್ಲಿ. ನಲ್ಲಿಯ ಕ್ಲೋರಿನ್ ನೀರು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಕಣ್ಣಿಗೆ ಕಾಣದ ಕೊಳಕು

ಮೀನು ಅಮೋನಿಯಾವನ್ನು ಹೆಚ್ಚಾಗಿ ಕಿವಿರಿನಿಂದಲೇ ಬಿಡುತ್ತದೆ. ಕನ್ನಡಿಯಂತೆ ತಿಳಿಯಾದ ನೀರಿನಲ್ಲೂ ಮೀನು ಸಾಯುವುದು ಹೀಗೆ. ಮೂರನೆಯ ಟ್ಯಾಂಕ್ ಅದಕ್ಕಾಗಿ: ಅಲ್ಲಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ.

ಇದರ ಅಳತೆಯನ್ನು ಮೀನಿನ ಸಂಖ್ಯೆಯಿಂದ ಅಲ್ಲ, ಮೇವಿನಿಂದ ಹಿಡಿಯಬೇಕು. ಕಿಲೋ ತೂಗುವ ಹತ್ತು ಮೀನಿಗೆ ಶೇ 1ರಂತೆ ದಿನಕ್ಕೆ 100 ಗ್ರಾಂ ಮೇವು. ಮೇವಿನಲ್ಲಿ ಶೇ 35 ಪ್ರೋಟೀನ್ ಇದ್ದರೆ ಅದರಿಂದ ಸುಮಾರು 3.2 ಗ್ರಾಂ ಅಮೋನಿಯಾ ಸಾರಜನಕ ಹೊರಬರುತ್ತದೆ. ಕೆ1 ಮಾದರಿಯ ತೇಲುವ ಪ್ಲಾಸ್ಟಿಕ್ ಮೀಡಿಯಾದ (ಬ್ಯಾಕ್ಟೀರಿಯಾ ಅಂಟಿ ಬೆಳೆಯುವ ಸಣ್ಣ ಚಕ್ರದಂಥ ತುಂಡುಗಳು) ಘನ ಮೀಟರಿಗೆ 500 ಚದರ ಮೀಟರ್ ಮೇಲ್ಮೈ. ಚಳಿಯಲ್ಲಿ ಬ್ಯಾಕ್ಟೀರಿಯಾ ಮಂದವಾಗುವುದನ್ನೂ ಸೇರಿಸಿಕೊಂಡು 100 ಗ್ರಾಂ ಮೇವಿಗೆ 50 ಲೀಟರ್ ಮೀಡಿಯಾ ಎಂದು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಮೇವು ಎರಡು ಪಟ್ಟಾಗುವುದರಿಂದ 500 ಲೀಟರ್ ಟ್ಯಾಂಕಿಗೆ 100ರಿಂದ 150 ಲೀಟರ್ ಹಾಕಿ, ನಿಮಿಷಕ್ಕೆ 40ರಿಂದ 60 ಲೀಟರ್ ಗಾಳಿ ಕೊಡುವ ಏರ್ ಪಂಪ್ ಕೂಡಿಸಿ. ಹೊರಗೆ ಹೋಗುವ ಪೈಪಿಗೆ 6 ಮಿ.ಮೀ. ಕಣ್ಣಿನ ಜಾಲರಿ ಮರೆಯಬೇಡಿ. ಹೊಸ ಮೀಡಿಯಾ ಮೊದಲ ವಾರಗಳಲ್ಲಿ ಮೇಲೇ ತೇಲುತ್ತದೆ. ಲೋಳೆ ಹಿಡಿದ ಮೇಲೆ ತಾನಾಗಿ ಉರುಳತೊಡಗುತ್ತದೆ.

ಕೊನೆಗೆ ಪಂಪ್, ಅದರ ನಂತರ 36ರಿಂದ 40 ವಾಟಿನ ಯುವಿ (ಅತಿನೇರಳೆ) ದೀಪ. ಪಾಚಿನೀರಿನ ಹಸಿರು ಹೋಗಲು ಮಾತ್ರ ಅದು. ಅಮೋನಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಪಂಪಿನ ಡಬ್ಬಿಯ ಮೇಲೆ ಬರೆದ ಸಂಖ್ಯೆ ನೀರು ಮೇಲೆತ್ತುವ ಎತ್ತರವೇ ಇಲ್ಲದಾಗಿನದು. ಕೊಳಕ್ಕೆ ಬೀಳುವ ಪೈಪಿಗೆ 20 ಲೀಟರ್ ಬಕೆಟ್ ಹಿಡಿದು ನೋಡಿ: 7 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 10,000 ಲೀಟರ್, 14 ಹಿಡಿದರೆ ಅರ್ಧ. ಎರಡು ಗಂಟೆಗೊಮ್ಮೆ ಪೂರ್ತಿ ನೀರು ಸುತ್ತುವುದು ಕನಿಷ್ಠ.

ಕರೆಂಟು ಹೋದರೆ ಮೊದಲು ಕೊರತೆಯಾಗುವುದು ಆಮ್ಲಜನಕ. 40 ವಾಟಿನ ಏರ್ ಪಂಪನ್ನು ಮಾತ್ರ ಇನ್ವರ್ಟರಿಗೆ ಕೊಡಿ, ಗುಳ್ಳೆ ಬಿಡುವ ಒಂದು ಗಾಳಿ ಕಲ್ಲನ್ನು (ಏರ್ ಸ್ಟೋನ್) ಕೊಳಕ್ಕೂ ಎಳೆಯಿರಿ. ಬೇರೆ ಏನೂ ಉರಿಯದಿದ್ದರೆ ಒಳ್ಳೆಯ ಸ್ಥಿತಿಯ 150 ಎಎಚ್ ಬ್ಯಾಟರಿ ಇಪ್ಪತ್ತು ಗಂಟೆ ಎಳೆಯುತ್ತದೆ.

ಫಿಲ್ಟರ್ ಚಾಲೂ ಮಾಡಲು ಮಾರ್ಚ್–ಏಪ್ರಿಲ್ ಒಳ್ಳೆಯ ಕಾಲ. ಬಿಸಿಲಿನ ನೀರಿನಲ್ಲಿ ನಾಲ್ಕರಿಂದ ಆರು ವಾರಕ್ಕೆ ಬ್ಯಾಕ್ಟೀರಿಯಾ ನೆಲೆಯಾಗುತ್ತವೆ, ಡಿಸೆಂಬರಿನಲ್ಲಿ ಎರಡು ತಿಂಗಳಾದರೂ ಆದೀತು. ಅಲ್ಲಿಯವರೆಗೆ ಎರಡು ಮೂರು ಮೀನು, ಚಿಟಿಕೆ ಮೇವು, ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್. ಅಮೋನಿಯಾ ಕಂಡರೆ ಮೇವು ನಿಲ್ಲಿಸಿ, ಶೇ 20 ನೀರು ಬದಲಿಸಿ. ನೈಟ್ರೈಟ್ ಏರಿದರೆ ಸಾವಿರ ಲೀಟರಿಗೆ ಒಂದು ಕಿಲೋ ಅಯೋಡಿನ್ ಇಲ್ಲದ ಕಲ್ಲುಪ್ಪನ್ನೂ ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಮೀನಿನ ರಕ್ತಕ್ಕೆ ಸೇರದಂತೆ ತಡೆಯುತ್ತದೆ.

ಮಳೆಗಾಲದಲ್ಲಿ ಕೆಡುವುದು

ಜುಲೈನಲ್ಲಿ ಎಲ್ಲ ಸರಿಯಿದ್ದೂ ಮೀನು ಮಂಕಾದರೆ ಕ್ಷಾರತೆ, ಅಂದರೆ ಪಿಎಚ್ ಕುಸಿಯದಂತೆ ಹಿಡಿದಿಡುವ ನೀರಿನ ಗುಣ, ಅಳೆಯಿರಿ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಕ್ಷಾರತೆಯನ್ನು ತಿನ್ನುತ್ತವೆ: 100 ಗ್ರಾಂ ಮೇವಿಗೆ ಸುಮಾರು 38 ಗ್ರಾಂ ಅಡುಗೆ ಸೋಡಾದಷ್ಟು. ಇಲ್ಲಿನ ಮಳೆನೀರಿನಲ್ಲಿ ಕ್ಷಾರತೆ ಇಲ್ಲವೇ ಇಲ್ಲ ಎನ್ನಬಹುದು. ದಿನಗಟ್ಟಲೆ ಅದೇ ತುಂಬಿ ಹರಿದರೆ ಕೊಳದಲ್ಲಿದ್ದದ್ದೂ ತೊಳೆದು ಹೋಗಿ ಪಿಎಚ್ ಒಮ್ಮೆಲೇ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೈಚೆಲ್ಲುತ್ತವೆ. ಕ್ಷಾರತೆಯನ್ನು ಲೀಟರಿಗೆ 80 ಮಿ.ಗ್ರಾಂ. ಕೆಳಗೆ ಬಿಡಬೇಡಿ. ಈ ಕೊಳದಲ್ಲಿ 10 ಮಿ.ಗ್ರಾಂ. ಏರಿಸಲು 170 ಗ್ರಾಂ ಅಡುಗೆ ಸೋಡಾ ಬೇಕು. ಬಕೆಟ್ಟಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯಿರಿ. ಬಟ್ಟೆ ಸೋಡಾ ಬೇಡ, ಪಿಎಚ್ ಹಾರುತ್ತದೆ. ಮ್ಯಾಟ್ ಟ್ಯಾಂಕಿನಲ್ಲಿ ಒಂದು ಚೀಲ ಕಪ್ಪೆಚಿಪ್ಪು ನೇತುಹಾಕಿದರೆ ನಿಧಾನವಾಗಿ ಕರಗುತ್ತಾ ಆಸರೆಯಾಗುತ್ತದೆ.

ಕೊಳದ ಕಟ್ಟೆ ಅಂಗಳಕ್ಕಿಂತ ಅರ್ಧ ಅಡಿ ಎತ್ತರವಿರಲಿ, ಸುತ್ತ ಚರಂಡಿಯಿರಲಿ. ಇದು ಕೆಂಪು ನೀರು ತಡೆಯಲು ಮಾತ್ರವಲ್ಲ. ಕಾಫಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಮೆದು ನೀರಿನಲ್ಲಿ ತಾಮ್ರ ಮೀನಿಗೆ ಇನ್ನಷ್ಟು ವಿಷ. ಸ್ಪ್ರೇ ಮಾಡುವ ದಿನ ಕೊಳಕ್ಕೆ ಟಾರ್ಪಾಲ್ ಹೊದಿಸಿ, ತೋಟದ ನೀರು ಇತ್ತ ಹರಿಯದಂತೆ ನೋಡಿಕೊಳ್ಳಿ. ಏರ್ ಪಂಪ್ ಮಾತ್ರ ನಿಲ್ಲಿಸಬೇಡಿ.

ಗುಂಡಿಯಲ್ಲಿ ಹೂತ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಬಾರದು. ಸುತ್ತಲಿನ ಮಣ್ಣಿನಲ್ಲಿ ನಿಂತ ನೀರು ಖಾಲಿ ಟ್ಯಾಂಕನ್ನು ದೋಣಿಯಂತೆ ಮೇಲೆತ್ತಿ ಪೈಪಿನ ಜಾಯಿಂಟ್ ಕಿತ್ತುಹಾಕುತ್ತದೆ. ದೊಡ್ಡ ಸ್ವಚ್ಛತೆ ಏನಿದ್ದರೂ ಮೇ ತಿಂಗಳೊಳಗೆ ಮುಗಿಸಿ.