ರಾತ್ರಿ ಪಾದದಾಗ ಸೆಳೆತ ಹಿಡಿದ್ರ ಏನ್ ಮಾಡ್ಬೇಕು

ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಕೆಲ್ಸ ನಂದು, ಬೆಳಿಗ್ಗಿಂದ ಸಂಜೀತನ ಮಷಿನ್ ಪೆಡಲ್ ಮ್ಯಾಲೇ ಕಾಲು, ಹಂಗಾಗಿ ಈ ಪಾದದ ಸೆಳೆತ ಕರೀದಿದ್ರೂ ಬರೋ ನೆಂಟ ಇದ್ದಂಗ. ರಾತ್ರಿ ಎರಡಕ್ಕ ಹೆಬ್ಬೆರಳೊಂದು ಕಡೆ ಉಳಿದವೊಂದು ಕಡೆ ತಿರುಚಿ ಅಂಗಾಲು ಕಲ್ಲಿನಂಗ ಆಗ್ತೈತಿ.

ಎಲ್ರೂ ‘ನರ ಹಿಡೀತು’ ಅಂತಾರ. ಹಿಡಿಯೋದು ನರ ಅಲ್ರೀ, ಮಾಂಸಖಂಡ, ಅದು ಕುಗ್ಗಿ ವಾಪಸ್ ಬಿಚ್ಚಿಕೊಳ್ಳಲಾರದಂಗ ಆಗಿರ್ತೈತಿ. ಅಂದ್ರ ಹಿಗ್ಗಿಸಬೇಕು ಅಷ್ಟೇ. ಎದ್ದು ಕುಂತು ಮೊಣಕಾಲು ನೆಟ್ಟಗ ಚಾಚಿ, ಕಾಲ್ಬೆರಳು ಹಿಡಿದು ನಿಮ್ ಕಡೆ ಮೆಲ್ಲಕ ಎಳದು ಇಪ್ಪತ್ತು ಮೂವತ್ತು ಸೆಕೆಂಡ್ ಹಂಗೇ ಹಿಡೀರಿ, ಒಮ್ಮೆಲೇ ಜಗ್ಗಬ್ಯಾಡ್ರಿ. ಕೈ ನಿಲುಕದಿದ್ರ ಟವಲ್ ಪಾದಕ್ಕ ಸುತ್ತಿ ಎಳೀರಿ. ಇನ್ನೊಂದು ಕೈಲೆ ಅಂಗಾಲು ತಿಕ್ಕಿರಿ. ನೆಲಕ್ಕ ಪಾದ ಒತ್ತಿ ನಿಂತ್ರೂ ಬಿಡ್ತೈತಿ. ಆಮ್ಯಾಲೆ ನೋವು ಉಳಿದ್ರ ಬಿಸಿನೀರ ಬಟ್ಟಿ ಇಡ್ರಿ, ಆದ್ರ ಶುಗರ್‌ನಿಂದ ಪಾದ ಮರಗಟ್ಟಿದೋರು ಇಡಬ್ಯಾಡ್ರಿ, ಸುಟ್ರೂ ಗೊತ್ತಾಗಂಗಿಲ್ಲ.

ಯಾಕ್ ಬರ್ತೈತಿ ಅಂದ್ರ, ಎಷ್ಟೋ ಸಲ ಕಾರಣನೇ ಸಿಗಂಗಿಲ್ಲ. ಖಂಡ ದಣಿಯೋದು, ಸಿಮೆಂಟ್ ನೆಲದ ಮ್ಯಾಲೆ ತೆಳು ಚಪ್ಪಲಿಯಾಗ ದಿನಪೂರ್ತಿ ನಿಲ್ಲೋದು, ಮತ್ತ ನಮ್ ಬಿಸಿಲು, ಮೇ ತಿಂಗಳಾಗ 40 ಡಿಗ್ರಿ ದಾಟ್ತೈತಿ, ಬೆವರಿನ ಕೂಡ ನೀರು ಉಪ್ಪು ಎರಡೂ ಹೋಗ್ತಾವ. ಅಂಥಾ ದಿನ ಓಆರ್‌ಎಸ್ ಕುಡೀರಿ, ಪ್ಯಾಕೆಟ್ ಇಲ್ಲಂದ್ರ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ರಿ, ಅರ್ಧ ಟೀ ಚಮಚ ಉಪ್ಪು. ಬಿಪಿ, ಕಿಡ್ನಿ, ಹಾರ್ಟ್ ತೊಂದ್ರೆ ಇದ್ದೋರು ಡಾಕ್ಟರ್‌ನ ಕೇಳದ ಉಪ್ಪಿನ ನೀರು ಕುಡೀಬ್ಯಾಡ್ರಿ. ಬಾಳೆಹಣ್ಣು ತಿಂದ್ರ ಹೋಗ್ತೈತಿ ಅಂದ್ರು, ನಾನೂ ತಿಂದೆ, ಹೊಟ್ಟಿ ತುಂಬ್ತು.

ಬಸರಿ ಹೆಂಗಸ್ರಿಗೆ, ಶುಗರ್ ಥೈರಾಯ್ಡ್ ಇದ್ದೋರಿಗೆ ಸೆಳೆತ ಜಾಸ್ತಿ. ಮೂತ್ರ ಜಾಸ್ತಿ ಮಾಡಿಸೋ ಬಿಪಿ ಗುಳಿಗಿ, ಕೊಲೆಸ್ಟ್ರಾಲ್ ಗುಳಿಗಿಯಿಂದಾನೂ ಕೆಲವ್ರಿಗೆ ಬರ್ತೈತಿ, ಹಂಗಂತ ನೀವಾಗೇ ಬಿಡಬ್ಯಾಡ್ರಿ, ಕೇಳಿ ಬದಲಿಸ್ಕೊಳ್ರಿ.

ನಾನು ಮಲಗೋ ಮುಂಚೆ ಗೋಡಿಗೆ ಕೈ ಕೊಟ್ಟು ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲದಿಂದ ಎತ್ತದಂಗ ಮುಂದಕ್ಕ ಬಾಗ್ತೀನಿ, ಒಂದೊಂದು ಕಾಲಿಗೆ ಮೂರು ಸಲ. ಊಟದ ಟೈಮಿನಾಗ ನೀರಿನ ಬಾಟ್ಲಿ ಅಂಗಾಲ ಕೆಳಗ ಉರುಳಸ್ತೀನಿ, ಪಕ್ಕದ ಮಷಿನ್‌ನೋರು ನಗ್ತಾರ, ನಗಲಿ. ಹೊದಿಕಿ ಪಾದದ ಮ್ಯಾಲೆ ಬಿಗಿಯಾಗಿ ಎಳ್ಕೊಂಡ್ರ ಬೆರಳು ಕೆಳಗ ಬಾಗಿ ಅದೇ ಸೆಳೆತ ತರ್ತೈತಿ, ಅಲ್ಲಿ ಸಡಿಲ ಬಿಡ್ರಿ.

ಸ್ವಲ್ಪ ದೂರ ನಡೆದಾಗೆಲ್ಲ ಹಿಡಿದು, ನಿಂತ್ರ ಬಿಡ್ತದಂದ್ರ ಅದು ರಕ್ತ ಸರಿಯಾಗಿ ಹರೀದಿರೋ ಲಕ್ಷಣ ಇರಬಹುದು, ತೋರಿಸ್ರಿ. ಒಂದೇ ಕಾಲು ಬಾತು, ಕೆಂಪಾಗಿ, ಮುಟ್ಟಿದ್ರ ಬಿಸಿ ಐತಿ ಅಂದ್ರ ಅವತ್ತೇ ದವಾಖಾನಿಗೆ ಹೋಗ್ರಿ, ಒಳಗ ರಕ್ತ ಹೆಪ್ಪುಗಟ್ಟಿರಬಹುದು, ಅಂಥಾ ಕಾಲು ಮಾತ್ರ ಯಾರ ಕೈಲೂ ತಿಕ್ಕಿಸ್ಕೊಬ್ಯಾಡ್ರಿ.