ಪೆರಿಪ್ಲಾಸಂನಲ್ಲಿ ಸಿಲುಕಿದ್ದ ಪ್ರತಿಕಾಯದ ತುಣುಕನ್ನು ಹೊರತಂದ ಬಗೆ

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ನಾನು ತಯಾರಿಸುತ್ತಿದ್ದ ಫ್ಯಾಬ್ ಎಂಬ ಪ್ರತಿಕಾಯದ ತುಣುಕು, ಪೆಲ್‌ಬಿ ಎಂಬ ಸಂಕೇತ ಪೆಪ್ಟೈಡಿನ (ಪ್ರೋಟೀನಿಗೆ ದಾರಿ ತೋರುವ ಕಿರು ಸರಣಿಯ) ನೆರವಿನಿಂದ ಒಳಪೊರೆಯನ್ನು ದಾಟುತ್ತಿದ್ದರೂ, ಹೊರಪೊರೆಯನ್ನು ದಾಟಲಾಗದೆ ಎರಡರ ನಡುವಿನ ಪೆರಿಪ್ಲಾಸಂನಲ್ಲೇ ಉಳಿಯುತ್ತಿತ್ತು. ಕೋಶಗಳನ್ನು ಒಡೆದರೆ ಬೇಡದ ಪ್ರೋಟೀನ್‌ಗಳೂ ಡಿಎನ್‌ಎಯೂ ಬೆರೆತು ಶುದ್ಧೀಕರಣವೇ ದೊಡ್ಡ ಕೆಲಸವಾಗುತ್ತದೆ.

ಪರಿಹಾರ ದೊರೆತದ್ದು ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಮತ್ತು ಗ್ಲೈಸಿನ್ ಎಂಬ ಅಮೈನೊ ಆಮ್ಲಗಳ ಜೋಡಿಯಿಂದ. ಗ್ಲೈಸಿನ್ ಕೋಶಭಿತ್ತಿಯ ಪೆಪ್ಟೈಡ್‌ಗಳಲ್ಲಿ ಅಲನಿನ್‌ನ ಸ್ಥಾನಕ್ಕೆ ಸೇರಿ ಭಿತ್ತಿಯ ಹೆಣಿಗೆಯನ್ನು ಸಡಿಲಿಸಿದರೆ, ವಿದ್ಯುದಾವೇಶವಿಲ್ಲದ ಸರ್ಫ್ಯಾಕ್ಟಂಟ್ ಆದ ಟ್ರೈಟಾನ್ ಹೊರಪೊರೆಯ ಲಿಪಿಡ್‌ಗಳ ನಡುವೆ ನುಸುಳಿ ಪ್ರೋಟೀನಿಗೆ ದಾರಿ ಬಿಡಿಸುತ್ತದೆ. ಗ್ಲೈಸಿನ್ ಬೆಳವಣಿಗೆಯನ್ನು ಕುಗ್ಗಿಸುವುದರಿಂದ ಎರಡನ್ನೂ ಐಪಿಟಿಜಿ ಎಂಬ ರಾಸಾಯನಿಕದಿಂದ ಫ್ಯಾಬ್ ತಯಾರಿಕೆಯನ್ನು ಪ್ರೇರೇಪಿಸಿದ ನಂತರವೇ ಸೇರಿಸಿದೆ. ಕೋಶಗಳು ಬೆಳೆಯುವ ದ್ರವವಾದ ಮಾಧ್ಯಮದಲ್ಲಿ ಫ್ಯಾಬ್‌ನ ಪಟ್ಟಿ ಪ್ರೋಟೀನ್‌ಗಳನ್ನು ಬೇರ್ಪಡಿಸುವ ಜೆಲ್ಲಿನ ಮೇಲೆ ಸ್ಪಷ್ಟವಾಗಿ ಮೂಡಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಅಳತೆಯಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಟ್ರೈಟಾನ್‌ನ ಬೆಂಜೀನ್ ಉಂಗುರವೂ ಪ್ರೋಟೀನನ್ನು ಅಳೆಯಲು ಬಳಸುವ 280 ನ್ಯಾನೊಮೀಟರ್ ಸುಮಾರಿನ ಬೆಳಕನ್ನು ಹೀರುವುದರಿಂದ, ಆ ಓದಿನ ಬದಲು ಬೇಕಾದ ಪ್ರೋಟೀನನ್ನಷ್ಟೇ ಪ್ರತಿಕಾಯಗಳಿಂದ ಗುರುತಿಸಿ ಅಳೆಯುವ ಎಲೈಸಾ ಪರೀಕ್ಷೆಯನ್ನು ನಂಬಿದೆ. ಹೊರಬಂದದ್ದು ಸೋರಿಕೆಯೋ ಕೋಶಗಳ ಸಾವೋ ಎಂದು ತಿಳಿಯಲು, ಕೋಶ ಒಡೆದಾಗ ಹೊರಬರುವ, ಕೋಶದ್ರವ್ಯದ ಕಿಣ್ವವಾದ ಬೀಟಾ-ಗ್ಯಾಲಕ್ಟೊಸಿಡೇಸ್ ಮಾಧ್ಯಮದಲ್ಲಿ ಎಷ್ಟಿದೆಯೆಂದು ಪ್ರತಿ ಬಾರಿಯೂ ನೋಡಿದೆ. ಹೊರಪೊರೆ ಸಡಿಲಾದಾಗ ಅದರ ಭಾಗವಾದ, ಜ್ವರ ತರಿಸಬಲ್ಲ ಎಂಡೊಟಾಕ್ಸಿನ್ ಕೂಡ ಬಿಡುಗಡೆಯಾಗುತ್ತದೆ. ಔಷಧಕ್ಕೆಂದು ತಯಾರಿಸುವವರು ಅದನ್ನೂ ಉಳಿದ ಟ್ರೈಟಾನನ್ನೂ ತೆಗೆಯುವ ಹಂತವನ್ನು ಆರಂಭದಲ್ಲೇ ಯೋಜಿಸಬೇಕು.