8.8.8.8ಗೆ ಪಿಂಗ್ ಹೊಡೆಯುವುದನ್ನು ಬಿಟ್ಟೆ

ಇಂಟರ್ನೆಟ್ ಲೈನ್ ಬದುಕಿದೆಯಾ ಅಂತ ನೋಡಲು ಹತ್ತು ಸೆಕೆಂಡಿಗೆ ಒಂದು ಪಿಂಗ್ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ) ಸಾಕು ಅಂದಾಗ ನಮ್ಮ ಕೇಬಲ್ ಹುಡುಗ ನಕ್ಕಿದ್ದ. ಲೈನ್ ಸತ್ತು ಅರ್ಧ ನಿಮಿಷ ಆದ ಮೇಲೆ ಗೊತ್ತಾದರೆ ಏನು ಪ್ರಯೋಜನ ಸಾರ್, ಅಂತ. ಈಗ ಎಂಟು ತಿಂಗಳಾಯಿತು. ಸುಳ್ಳು ಅಲಾರಂ ಎರಡೋ ಮೂರೋ ಬಂದಿರಬೇಕು, ಅಷ್ಟೇ.

ಸಾಗರದ ಕಡೆಯ ಅಡಿಕೆ ಮಂಡಿ. ಹದಿನಾಲ್ಕು ಕಂಪ್ಯೂಟರ್, ಒಂದು ಫೈಬರ್, ಅದು ಹೋದರೆ 4ಜಿ, ನಡುವೆ ಲೈನ್ ಬದಲಿಸುವ ಪಿಎಫ್‌ಸೆನ್ಸ್ ರೂಟರ್. ಮೊದಲು ಗೇಟ್‌ವೇಗೇ, ಅಂದರೆ ನಮ್ಮ ಲೈನ್ ಮೊದಲು ಮುಟ್ಟುವ ಇಂಟರ್ನೆಟ್ ಕಂಪನಿಯ ಪೆಟ್ಟಿಗೆಗೇ, ಪಿಂಗ್ ಹೊಡೆದು ನೋಡುತ್ತಿದ್ದೆ. ಮಳೆಗಾಲದಲ್ಲಿ ಒಂದು ದಿನ ಊರಾಚೆ ಫೈಬರ್ ಕಟ್ ಆಯಿತು. ಗೇಟ್‌ವೇ ಮಾತ್ರ ಆರಾಮಾಗಿ ಉತ್ತರ ಕೊಡುತ್ತಿತ್ತು. ನನ್ನ ಪರದೆಯಲ್ಲಿ ಹಸಿರು, ಮಂಡಿಯಲ್ಲಿ ಬೈಗುಳ.

ಆಮೇಲೆ ಎಲ್ಲರ ಹಾಗೆ ಗೂಗಲ್‌ನ 8.8.8.8 ಹಾಕಿದೆ. ಡೀಫಾಲ್ಟ್ ಅರ್ಧ ಸೆಕೆಂಡಿಗೊಂದು, ಅಂದರೆ ದಿನಕ್ಕೆ 1,72,800 ಪಿಂಗ್. ಲೆಕ್ಕ ಹಾಕಿದಾಗ ನನಗೇ ನಾಚಿಕೆಯಾಯಿತು. ಅದು ಡಿಎನ್‌ಎಸ್ ಸರ್ವರ್ ಕಣ್ರೀ, ಸೈಟಿನ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವುದು ಅದರ ಕೆಲಸ, ಪಿಂಗಿಗೆ ಉತ್ತರ ಕೊಡ್ತೀನಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ. ಒಂದಿಷ್ಟು ಉತ್ತರ ತಪ್ಪಿದರೆ ಸಾಕು, ಲೈನ್ 4ಜಿಗೆ ಹಾರುತ್ತಿತ್ತು. ಒಂದೇ ತಿಂಗಳು ಡೇಟಾಗೆ ಹೆಚ್ಚುಕಡಿಮೆ 1,800 ರೂಪಾಯಿ ಹೋಯಿತು. ಇನ್ನೊಂದು ಪೆಟ್ಟು: ಪಿಂಗ್ ಹೊಡೆಯುವ ಐಪಿಗೆ (ಮಾನಿಟರ್ ಐಪಿ) ಆ ಲೈನಿನ ಮೇಲೇ ಸ್ಟಾಟಿಕ್ ರೂಟ್ ಬೀಳುತ್ತದೆ, ಅಂದರೆ ಅಲ್ಲಿಗೆ ಹೋಗುವುದೆಲ್ಲ ಆ ಒಂದೇ ಲೈನಿನಲ್ಲಿ. ನಾನು ಕಂಪ್ಯೂಟರ್‌ಗಳ ಡಿಎನ್‌ಎಸ್ಸನ್ನೂ 8.8.8.8 ಇಟ್ಟಿದ್ದೆ. ಫೈಬರ್ ನಿಜವಾಗಿ ಹೋದ ದಿನ 4ಜಿ ಇದ್ದೂ ಒಂದು ಸೈಟೂ ತೆರೆಯಲಿಲ್ಲ. ಇದು ಹೊಳೆಯಲು ಎರಡು ರಾತ್ರಿ ಬೇಕಾಯಿತು. ಮಧ್ಯೆ ಒಂದು ಕಾಲೇಜಿನ ವೆಬ್‌ಸೈಟಿಗೂ ಹೊಡೆದು ನೋಡಿದೆ. ನಾಲ್ಕೇ ದಿನಕ್ಕೆ ನಮ್ಮ ಐಪಿ ಬ್ಲಾಕ್. ಅವರು ಮಾಡಿದ್ದೇ ಸರಿ.

ಈಗ ಮೂರು ಟಾರ್ಗೆಟ್, ಒಂದು ಸ್ಕ್ರಿಪ್ಟ್. ಒಂದು, ಟ್ರೇಸ್‌ರೂಟ್‌ನಲ್ಲಿ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಕಮಾಂಡ್) ಸಿಕ್ಕ, ಇಂಟರ್ನೆಟ್ ಕಂಪನಿಯ ಒಳಗಿನ ಒಂದು ಹಾಪ್, ಅಂದರೆ ದಾರಿಯ ನಡುವಿನ ರೂಟರ್. ಫೋನ್ ಮಾಡಿ ಕೇಳಿಯೇ ಹಾಕಿದೆ. ಇದನ್ನೂ ಕೇಳ್ತಾರಾ ಅಂತ ಅವರಿಗೆ ಆಶ್ಚರ್ಯ. ಇನ್ನೊಂದು ಬೆಂಗಳೂರಿನಲ್ಲಿರುವ ನನ್ನದೇ ವಿಪಿಎಸ್ (ಬಾಡಿಗೆ ಸರ್ವರ್), ತಿಂಗಳಿಗೆ 400ರ ಆಸುಪಾಸು. ನಮ್ಮ ದುಡ್ಡು, ನಮ್ಮ ಪಿಂಗ್. ಇವಕ್ಕೆ ದಿನಕ್ಕೆ ತಲಾ 8,640. ಮೂರನೆಯದು ಪಿಂಗೇ ಅಲ್ಲ, ಡಿಎನ್‌ಎಸ್ ಸರ್ವರ್‌ಗೆ ನಿಮಿಷಕ್ಕೊಂದು ಹೆಸರಿನ ಪ್ರಶ್ನೆ. ಆ ಸರ್ವರ್ ಇರುವುದೇ ಅದಕ್ಕೆ ಅಲ್ವಾ? ಯಾವ ಹೆಸರು ಕೇಳುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಮೂರರಲ್ಲಿ ಎರಡು ಸತ್ತರೆ ಮಾತ್ರ ಲೈನ್ ಬದಲಾಗುತ್ತದೆ.

ಸುಮ್ನೆ ಒಂದು ಭಾನುವಾರ ವಿಪಿಎಸ್‌ಗೆ ದಪ್ಪ ಪ್ಯಾಕೆಟ್ ಕಳಿಸಿ ನೋಡಿದೆ, ತುಂಡು ಮಾಡಬೇಡ ಅಂತ ಹೇಳಿ. ನಮ್ಮದು ಪಿಪಿಪಿಒಇ ಲೈನ್, ಪ್ರತಿ ಪ್ಯಾಕೆಟ್‌ನಲ್ಲೂ ಒಂದಿಷ್ಟು ಜಾಗ ಅದೇ ತಿನ್ನುತ್ತದೆ. 1,464 ಬೈಟ್ ದಾಟಿತು, 1,465 ದಾಟಲಿಲ್ಲ. ಮಾನಿಟರಿಂಗಿಗೆ ಏನೂ ಉಪಯೋಗವಾಗಲಿಲ್ಲ. ಆದರೆ ಒಂದು ಪೋರ್ಟಲ್ ಅರ್ಧಕ್ಕೇ ನಿಲ್ಲುತ್ತಿದ್ದುದು ದಪ್ಪ ಪ್ಯಾಕೆಟ್ ದಾಟದ್ದಕ್ಕೆ ಅಂತ ಗೊತ್ತಾಯಿತು.

ಮೊನ್ನೆ ಆ ಕೇಬಲ್ ಹುಡುಗನೇ ಫೋನ್ ಮಾಡಿ, ಸ್ಕ್ರಿಪ್ಟ್ ಕಳಿಸಿ ಸಾರ್ ಅಂದ. ಕಳಿಸಿದೆ, ನನ್ನ ವಿಪಿಎಸ್ ಐಪಿ ಅಳಿಸಿ.